ಗೊಂಬೆಯ ಕೈ ಮುರಿಯುವುದೆಲ್ಲಿ?
ತಂತಿಯ ಕೈಗಳ ತಯಾರಿಕೆ ಮತ್ತು ಅದರ ವೆಚ್ಚದ ಲೆಕ್ಕ

ಮಾರ್ಚ್ ತಿಂಗಳಿನಲ್ಲಿ ಲೆಕ್ಕಪರಿಶೋಧಕರ ಕಚೇರಿಗೆ ಬರುವ ಚೀಲಗಳಲ್ಲಿ ಸಾಮಾನ್ಯವಾಗಿ ಬಿಲ್ಲುಗಳು, ಬ್ಯಾಂಕಿನ ಪಾಸ್‌ಪುಸ್ತಕ ಮತ್ತು ವರ್ಷವಿಡೀ ಮುಂದೂಡಿದ ಪ್ರಶ್ನೆಗಳು ಇರುತ್ತವೆ. ಎರಡು ವರ್ಷಗಳ ಹಿಂದೆ ನಮ್ಮ ಕಕ್ಷಿದಾರ ದಂಪತಿಗಳು ತಂದ ಚೀಲದಲ್ಲಿ ಇವೆಲ್ಲದರ ಜೊತೆಗೆ 23 ಕೈಗಳಿದ್ದವು. ಎರಡು ಬೆರಳಗಲದ ಅಂಗೈ, ಐದು ಸಣ್ಣ ಬೆರಳುಗಳು, ಮೇಲೆ ರಬ್ಬರಿನ ಚರ್ಮ, ಒಳಗೆ ತಂತಿ. ಎಲ್ಲವೂ ಮುರಿದ ಅಥವಾ ಕೆಟ್ಟ ಕೈಗಳು. ಅವುಗಳೊಂದಿಗೆ ಖರೀದಿದಾರ ಸಂಸ್ಥೆಯೊಂದು ಕಳುಹಿಸಿದ ಡೆಬಿಟ್ ನೋಟ್ ಒಂದಿತ್ತು.

ಪತಿಯದು ಮೂಲತಃ ಮೋಟಾರು ರಿವೈಂಡಿಂಗ್ ಅಂಗಡಿ. ಪತ್ನಿ ನಾಟಕದ ಉಡುಪುಗಳನ್ನು ಹೊಲಿಯುತ್ತಿದ್ದವರು. ಈ ಎರಡು ಕಸುಬುಗಳು ಕೂಡಿ ಒಂದು ಹೊಸ ಉದ್ಯಮ ಹುಟ್ಟಿತ್ತು: ಒಂದಡಿ ಎತ್ತರದ, ಬಗ್ಗಿಸಿದಲ್ಲಿಯೇ ನಿಲ್ಲುವ ಕೈಗೊಂಬೆಗಳ ತಯಾರಿಕೆ. ಅನಿಮೇಷನ್ ಕಲಿಸುವ ಸಂಸ್ಥೆಗಳು, ಜಾಹೀರಾತು ಚಿತ್ರ ತೆಗೆಯುವವರು, ಕಥೆ ಹೇಳುವ ಶಿಕ್ಷಕರು ಅವರ ಗಿರಾಕಿಗಳು. ಆ ವರ್ಷ ಒಂದು ಸಂಸ್ಥೆಗೆ 60 ಗೊಂಬೆಗಳನ್ನು ಒದಗಿಸಿದ್ದರು. ಅದೇ ಸಂಸ್ಥೆ ಮುಂದಿನ ವರ್ಷಕ್ಕೂ ಬೇಡಿಕೆ ಸಲ್ಲಿಸುವ ಮಾತಿತ್ತು. ಮುದ್ರಾ ಸಾಲದ ಕಂತುಗಳು ಆ ಬೇಡಿಕೆಯನ್ನೇ ನಂಬಿ ನಿಂತಿದ್ದವು.

“ಸಾರ್, ಈ ಡೆಬಿಟ್ ನೋಟು ಒಪ್ಪಿಕೊಳ್ಳಬೇಕಾ? ಹುಡುಗರು ಒರಟಾಗಿ ಬಳಸಿ ಮುರಿದಿದ್ದಾರೆ” ಎಂದರು ಪತಿ.

“ಬಗ್ಗಿಸೋದಕ್ಕೇ ಅಲ್ವೇನ್ರೀ ಅವರು ತಗೊಂಡಿರೋದು?” ಎಂದರು ಪತ್ನಿ.

ಪ್ರಶ್ನೆಯ ಕಾನೂನಿನ ಭಾಗಕ್ಕೆ ಉತ್ತರ ಸುಲಭವಾಗಿತ್ತು. ಖರೀದಿದಾರನು ತನ್ನ ಲೆಕ್ಕಕ್ಕೆ ಡೆಬಿಟ್ ನೋಟ್ ಬರೆದುಕೊಂಡ ಮಾತ್ರಕ್ಕೆ ಜಿ.ಎಸ್.ಟಿ. ಇಳಿಯುವುದಿಲ್ಲ, ತೆರಿಗೆಯನ್ನು ಕಡಿಮೆ ಮಾಡಿಕೊಳ್ಳಬೇಕಾದರೆ ಮಾರಾಟಗಾರನೇ ಕ್ರೆಡಿಟ್ ನೋಟ್ ಕೊಡಬೇಕು. ಆದರೆ ಪತ್ನಿಯ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆದ್ದರಿಂದ ಮೊದಲು ಆ ವ್ಯವಹಾರದ ಲಾಭವನ್ನೇ ಲೆಕ್ಕ ಹಾಕಿದೆವು.

ಒಂದು ಗೊಂಬೆಯ ಮೇಲೆ ಅವರಿಗೆ ಉಳಿಯುತ್ತಿದ್ದದ್ದು 400 ರೂಪಾಯಿ. ಕೈ ಮುರಿದರೆ ಗೊಂಬೆ ಕೊರಿಯರ್‌ನಲ್ಲಿ ಹಿಂದಿರುಗಬೇಕು. ತೋಳಿನ ಹೊಲಿಗೆ ಬಿಚ್ಚಿ, ಹಳೆಯ ಕೈ ಕತ್ತರಿಸಿ, ಹೊಸದನ್ನು ಕೂಡಿಸಿ, ಮತ್ತೆ ಹೊಲಿದು, ಬಣ್ಣ ಹೊಂದಿಸಿ ಕಳುಹಿಸಬೇಕು. ಎರಡು ಕಡೆಯ ಸಾಗಣೆ ಮತ್ತು ಅರ್ಧ ದಿನದ ಕೂಲಿಯನ್ನು ಸೇರಿಸಿದರೆ ಒಂದು ಕೈಗೆ 520 ರೂಪಾಯಿ. ಕೈಗಳು ಒಟ್ಟಾಗಿ ಬರದೆ ಒಂದೊಂದಾಗಿ ಬಂದಿದ್ದವು. 60 ಗೊಂಬೆಗಳ ಲಾಭ 24,000 ರೂಪಾಯಿ. 23 ಕೈಗಳ ದುರಸ್ತಿ 11,960 ರೂಪಾಯಿ. ಲಾಭದ ಸರಿಸುಮಾರು ಅರ್ಧ ಭಾಗ ಮಣಿಕಟ್ಟಿನಿಂದ ಕೆಳಗೆ ಸೋರಿಹೋಗಿತ್ತು. ಇದು ಅವರ ಪುಸ್ತಕಗಳಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ. ಕೊರಿಯರ್ ಖರ್ಚು ‘ಇತರೆ ವೆಚ್ಚ’ದಲ್ಲಿ ಬೆರೆತುಹೋಗಿತ್ತು. ದುರಸ್ತಿಯ ಕೂಲಿ ಯಾವ ಖಾತೆಯಲ್ಲಿಯೂ ಇರಲಿಲ್ಲ, ಏಕೆಂದರೆ ದುರಸ್ತಿ ಮಾಡುತ್ತಿದ್ದವರು ಮನೆಯಾಕೆ. ನಮ್ಮ ಸಣ್ಣ ಉದ್ಯಮಗಳ ಲೆಕ್ಕಪುಸ್ತಕಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕಂಡಿರುವ ತಪ್ಪು ಇದೇ.

ಮುರಿದ ಕೈಗಳ ವರ್ಗೀಕರಣ

ಲೆಕ್ಕಿಗನಿಗೆ ಗೊತ್ತಿರುವುದು ಒಂದೇ ವಿದ್ಯೆ: ರಾಶಿಯನ್ನು ವಿಂಗಡಿಸುವುದು. ಕೈಗಳನ್ನು ಮೇಜಿನ ಮೇಲೆ ಹರಡಿ ಮುರಿದ ಸ್ಥಳಕ್ಕೆ ಅನುಗುಣವಾಗಿ ಜೋಡಿಸಿದೆವು. 15 ಕೈಗಳಲ್ಲಿ ಬೆರಳು ಅಂಗೈಯಿಂದ ಹೊರಬರುವ ಬುಡದಲ್ಲಿಯೇ ತಂತಿ ತುಂಡಾಗಿತ್ತು. 5 ಕೈಗಳು ಮಣಿಕಟ್ಟಿನಲ್ಲಿ ಮುರಿದಿದ್ದವು. ಉಳಿದ 3ರಲ್ಲಿ ತಂತಿ ಗಟ್ಟಿಯಾಗಿಯೇ ಇತ್ತು, ರಬ್ಬರಿನ ಚರ್ಮ ಮಾತ್ರ ಜಿಗುಟಾಗಿ, ಕಂದುಬಣ್ಣಕ್ಕೆ ತಿರುಗಿ ಕಿತ್ತುಬರುತ್ತಿತ್ತು. ಬೆರಳಿನ ನಡುವೆ ಮುರಿದದ್ದು ಒಂದೂ ಇರಲಿಲ್ಲ.

ಈ ಕೊನೆಯ ಸಂಗತಿ ಮಹತ್ವದ್ದು. ಬಳಸುವವರ ಒರಟುತನವೇ ಕಾರಣವಾಗಿದ್ದರೆ ಬೆರಳುಗಳು ಎಲ್ಲೆಂದರಲ್ಲಿ ಮುರಿಯಬೇಕಿತ್ತು. ಒಂದೇ ಜಾಗದಲ್ಲಿ ಮುರಿಯುತ್ತಿವೆಯೆಂದರೆ ದೋಷ ಆ ಜಾಗದ ರಚನೆಯಲ್ಲಿದೆ. ನಾನು ವಾಣಿಜ್ಯ ಪದವೀಧರ, ಇಂಜಿನಿಯರನಲ್ಲ. ಆದರೂ ಅಂದಿನಿಂದ ಕೆಲವು ವಾರಗಳ ಕಾಲ ತಂತಿಯ ವಿಚಾರವನ್ನು ಓದಿ, ಬಲ್ಲವರನ್ನು ಕೇಳಿ, ಅವರ ಅಂಗಡಿಯಲ್ಲಿ ಕುಳಿತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಗೊಂಬೆ ಮಾಡದ ಸದಸ್ಯರಿಗೂ ಇದರಲ್ಲಿ ಕೆಲವು ಅಂಶಗಳು ಉಪಯೋಗಕ್ಕೆ ಬರಬಹುದು.

ತಂತಿಗೂ ಆಯುಷ್ಯವುಂಟು

ಲೋಹದ ತಂತಿಯನ್ನು ಬಗ್ಗಿಸಿದಾಗಲೆಲ್ಲ ಬಗ್ಗಿದ ಜಾಗ ಸ್ವಲ್ಪ ಗಡುಸಾಗುತ್ತದೆ. ಗಡುಸಾದಂತೆ ಬಿಧುರವಾಗುತ್ತದೆ, ಸಣ್ಣ ಬಿರುಕು ಹುಟ್ಟಿ, ಪ್ರತಿ ಬಾಗುವಿಕೆಯಲ್ಲಿಯೂ ಒಳಗೆ ಸರಿದು, ಕೊನೆಗೆ ತುಂಡಾಗುತ್ತದೆ. ತಗಡಿನ ತುಂಡನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಪ್ರತಿಯೊಬ್ಬರೂ ಬಳಸುವುದು ಈ ತತ್ತ್ವವನ್ನೇ. ಆದ್ದರಿಂದ ಎಂದಿಗೂ ಮುರಿಯದ ತಂತಿಯ ಕೈ ಎಂಬುದಿಲ್ಲ. ಎಷ್ಟು ಬಾಗುವಿಕೆಗಳ ನಂತರ ಮುರಿಯುತ್ತದೆ ಎಂಬುದಷ್ಟೇ ತಯಾರಕನ ಕೈಯಲ್ಲಿರುವ ವಿಷಯ.

ಆ ಸಂಖ್ಯೆಯನ್ನು ನಿರ್ಧರಿಸುವುದು ತಂತಿಯ ಹೊರಮೈ ಎಷ್ಟು ಎಳೆಯಲ್ಪಡುತ್ತದೆ ಎಂಬುದು. ಅದರ ಲೆಕ್ಕ ಬಡ್ಡಿಯ ಲೆಕ್ಕಕ್ಕಿಂತ ಸುಲಭ: ತಂತಿಯ ವ್ಯಾಸದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಬೇಕು. 1 ಮಿ.ಮೀ. ತಂತಿ 5 ಮಿ.ಮೀ. ತ್ರಿಜ್ಯದಲ್ಲಿ ನಿಧಾನವಾಗಿ ಬಾಗಿದರೆ ಹೊರಮೈ ಶೇ. 10ರಷ್ಟು ಎಳೆಯಲ್ಪಡುತ್ತದೆ, ಅದೇ ತಂತಿ 2 ಮಿ.ಮೀ. ತ್ರಿಜ್ಯದಲ್ಲಿ ಮೂಲೆಯಂತೆ ಬಾಗಿದರೆ ಶೇ. 25ರಷ್ಟು. ಈ ಎಳೆತ ಅರ್ಧಕ್ಕಿಳಿದರೆ ಆಯುಷ್ಯ ಎರಡು ಪಟ್ಟಲ್ಲ, ಸ್ಥೂಲವಾಗಿ ನಾಲ್ಕು ಪಟ್ಟು ಹೆಚ್ಚುತ್ತದೆಂಬುದು ಇಂಜಿನಿಯರರ ಅಂದಾಜು ಸೂತ್ರ.

ಈಗ ನಮ್ಮ ಕಕ್ಷಿದಾರರು ಮಾಡಿದ್ದ ‘ಸುಧಾರಣೆ’ಯನ್ನು ನೋಡಿ. ಮೊದಲು ಅವರು 20 ಗೇಜಿನ ತಂತಿ, ಅಂದರೆ 0.914 ಮಿ.ಮೀ. ಬಳಸುತ್ತಿದ್ದರು. ಬೆರಳುಗಳು ಮುರಿಯುತ್ತಿವೆಯೆಂದು ದೂರು ಬಂದಾಗ, ಯಾರಿಗೂ ಸಹಜವಾಗಿ ತೋರುವಂತೆ, ದಪ್ಪ ತಂತಿಗೆ ಹೋದರು: 18 ಗೇಜು, 1.219 ಮಿ.ಮೀ. ಮುರಿಯುವುದು ಹೆಚ್ಚಾಯಿತು! ವ್ಯಾಸ ಮೂರನೆಯ ಒಂದು ಭಾಗ ಹೆಚ್ಚಿದ್ದರಿಂದ ಅದೇ ಬಾಗಿಗೆ ಹೊರಮೈಯ ಎಳೆತವೂ ಅಷ್ಟೇ ಹೆಚ್ಚಿ, ಆಯುಷ್ಯ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಬಂದು ನಿಂತಿತ್ತು. ಎಳೆದು ತುಂಡು ಮಾಡುವ ಬಲಕ್ಕೆ ದಪ್ಪ ತಂತಿ ಒಳ್ಳೆಯದು. ಮತ್ತೆ ಮತ್ತೆ ಬಗ್ಗುವುದಕ್ಕೆ ತೆಳ್ಳಗಿನದೇ ಒಳ್ಳೆಯದು.

ಆದರೆ ತೆಳ್ಳಗಿನ ತಂತಿ ಬೆರಳನ್ನು ನಿಲ್ಲಿಸದೆ ಜೋಲಿಸುತ್ತದಲ್ಲ? ಇದಕ್ಕೆ ಪರಿಹಾರ ಜೋಡಿ ಎಳೆ. ನಿಲ್ಲಿಸುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 22 ಗೇಜಿನ, ಅಂದರೆ 0.711 ಮಿ.ಮೀ.ನ ಎರಡು ಎಳೆಗಳು ಸೇರಿ 20 ಗೇಜಿನ ಒಂದು ಎಳೆಯ ಶೇ. 94ರಷ್ಟು ಶಕ್ತಿಯನ್ನು ಕೊಡುತ್ತವೆ. ಆಯುಷ್ಯ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಜೊತೆಗೆ ಎರಡು ಅನುಕೂಲಗಳು ಪುಕ್ಕಟೆಯಾಗಿ ದೊರೆಯುತ್ತವೆ. ಒಂದು ಎಳೆ ತುಂಡಾದರೂ ಇನ್ನೊಂದು ಕೆಲಕಾಲ ಬೆರಳನ್ನು ಹಿಡಿದಿರುತ್ತದೆ. ಅಲ್ಲದೆ ಜೋಡಿ ಎಳೆಯನ್ನು ಎರಡು ತುಂಡುಗಳಿಂದ ಮಾಡಬೇಕಾಗಿಲ್ಲ; ಒಂದೇ ತಂತಿಯನ್ನು ಬೆರಳ ತುದಿಯಲ್ಲಿ ಮಡಿಸಿ ಹಿಂದಕ್ಕೆ ತಂದರಾಯಿತು. ಆಗ ತುದಿಯಲ್ಲಿ ಚೂಪಾದ ಮೊನೆಯಿರದೆ ಗುಂಡಗಿನ ಕುಣಿಕೆಯಿರುತ್ತದೆ, ಚರ್ಮವನ್ನು ಚುಚ್ಚಿಕೊಂಡು ಹೊರಬರುವುದಿಲ್ಲ.

ಎರಡು ಎಳೆಗಳನ್ನು ಹುರಿ ಮಾಡುವಾಗ ಕೈಡ್ರಿಲ್ಲಿಗೆ ಸಿಕ್ಕಿಸಿ ಬಿಗಿಯಾಗಿ ತಿರುಗಿಸುವ ಅಭ್ಯಾಸ ಹಲವರಿಗಿದೆ. ನೋಡಲು ಅಂದವೇನೋ ಹೌದು, ಆದರೆ ಆ ತಿರುಚುವಿಕೆಯೇ ತಂತಿಯ ಆಯುಷ್ಯದ ಒಂದು ಪಾಲನ್ನು ತಿಂದುಬಿಡುತ್ತದೆ. ಎಳೆಗಳು ಬೇರ್ಪಡದಷ್ಟು ಸಡಿಲವಾದ ಹುರಿ ಸಾಕು.

ಬುಡದ ಸ್ಲೀವ್

ಆದರೂ 15 ಕೈಗಳು ಬೆರಳ ಬುಡದಲ್ಲಿಯೇ ಏಕೆ ಮುರಿದವು? ಅಂಗೈಯನ್ನು ಅವರು ಎಂ-ಸೀಲ್‌ನಂತಹ ಎಪಾಕ್ಸಿ ಕಣಕದಿಂದ ಕಟ್ಟುತ್ತಿದ್ದರು. ಅದು ಒಣಗಿ ಕಲ್ಲಿನಂತಾಗುತ್ತದೆ. ತಂತಿ ಅದರಿಂದ ಹೊರಬರುವ ಅಂಚಿನಲ್ಲಿ ಒಂದು ಕಡೆ ಪೂರ್ತಿ ಗಡುಸು, ಇನ್ನೊಂದು ಕಡೆ ಪೂರ್ತಿ ಮೆದು. ಬೆರಳನ್ನು ಎಲ್ಲಿ ಹಿಡಿದು ಬಗ್ಗಿಸಿದರೂ ಬಾಗು ಬಂದು ಕೂರುವುದು ಆ ಅಂಚಿನ ಮೇಲೆಯೇ, ಅದೂ ಒಂದೆರಡು ಮಿ.ಮೀ. ತ್ರಿಜ್ಯದಲ್ಲಿ. ಮೇಲೆ ಹೇಳಿದ ಲೆಕ್ಕದ ಅತ್ಯಂತ ಕೆಟ್ಟ ಉದಾಹರಣೆ ಇದು.

ಇದನ್ನು ನಾನು ಕಾಗದದ ಮೇಲೆ ಗೀಚಿ ತೋರಿಸುತ್ತಿದ್ದಂತೆ ಪತಿ ನಕ್ಕುಬಿಟ್ಟರು. “ಮೋಟಾರಿನಲ್ಲಿ ಲೀಡ್ ತಂತಿ ಹೊರಗೆ ಬರೋ ಜಾಗದಲ್ಲಿ ನಾವು ಸ್ಲೀವ್ ಹಾಕ್ತೀವಲ್ಲ ಸಾರ್! ಇದು ನನಗೆ ಹೊಳೀಲೇ ಇಲ್ಲ.”

ಇಪ್ಪತ್ತು ವರ್ಷಗಳಿಂದ ಅವರ ಅಂಗಡಿಯ ಕಪಾಟಿನಲ್ಲಿದ್ದ ವಸ್ತುವೇ ಅವರ ಇನ್ನೊಂದು ಕಸುಬಿಗೆ ಬೇಕಾಗಿತ್ತು. ಸ್ಲೀವಿನ ಅರ್ಧ ಭಾಗ ಕಣಕದೊಳಗೆ, ಉಳಿದ ಐದಾರು ಮಿ.ಮೀ. ಹೊರಗೆ. ಬಾಗು ಅಂಚಿನ ಮೇಲೆ ಕೂರದೆ ಸ್ಲೀವಿನ ಉದ್ದಕ್ಕೂ ಹರಡುತ್ತದೆ. ಸ್ಲೀವ್ ದೊರೆಯದವರು ಹತ್ತಿಯ ದಾರವನ್ನು ಬುಡದಲ್ಲಿ ಒತ್ತಾಗಿ, ಮೇಲೆ ಹೋದಂತೆ ವಿರಳವಾಗಿ ಸುತ್ತಿದರೂ ಪ್ರಯೋಜನವಾಗುತ್ತದೆ. ಕಣಕದ ಅಂಚನ್ನು ಹಸಿಯಿರುವಾಗಲೇ ಒದ್ದೆ ಬೆರಳಿನಿಂದ ಸವರಿ ದುಂಡಾಗಿಸುವುದು ಇನ್ನೂ ಒಳ್ಳೆಯದು.

ಗೆಣ್ಣುಗಳು ಸ್ಪಷ್ಟವಾಗಿ ಕಾಣಲೆಂದು ಕೆಲವರು ಬೆರಳಿನ ಮೂಳೆಗಳಿಗೆ ಕಣಕವನ್ನೋ ಹಿತ್ತಾಳೆ ನಳಿಕೆಯನ್ನೋ ತೊಡಿಸಿ, ನಡುವೆ ಮಾತ್ರ ತಂತಿಯನ್ನು ಬಿಡುತ್ತಾರೆ. ಕೈ ನಿಜವಾದ ಕೈಯಂತೆ ಮಡಿಯುತ್ತದೆ. ಆದರೆ ಬಿಟ್ಟ ಅಂತರ ಕಿರಿದಾದಷ್ಟೂ ಬಾಗು ಮೂಲೆಯಾಗುತ್ತದೆ, ಆಯುಷ್ಯ ಕುಗ್ಗುತ್ತದೆ. ಅಂದವನ್ನು ಮಾರುತ್ತಿದ್ದೇವೆಯೋ ಬಾಳಿಕೆಯನ್ನೋ ಎಂಬುದನ್ನು ತಯಾರಕ ಮೊದಲೇ ನಿರ್ಧರಿಸಬೇಕು. ಕಲಿಯುವ ಹುಡುಗರಿಗೆ ಮಾರುವ ಗೊಂಬೆಗೆ ಮೂಳೆಯಿಲ್ಲದ ಬೆರಳೇ ಸಾಕೆಂಬುದು ನನ್ನ ಅಭಿಪ್ರಾಯ. ಪತ್ನಿ ಇದನ್ನು ಇಂದಿಗೂ ಒಪ್ಪಿಲ್ಲ.

ಮಣಿಕಟ್ಟಿನಲ್ಲಿ ಮುರಿದ 5 ಕೈಗಳ ಕಾರಣ ಬೇರೆ. ಐದು ಬೆರಳುಗಳ ತಂತಿಗಳನ್ನೆಲ್ಲ ಮಣಿಕಟ್ಟಿನ ಮೂಲಕ ತೋಳಿಗೆ ಒಯ್ದಿದ್ದರು. ಜೋಡಿ ಎಳೆಯಾದರೆ ಹತ್ತು ಎಳೆಗಳಾಗುತ್ತವೆ. ಆ ಹಗ್ಗ ಬಾಗುವುದೇ ಇಲ್ಲ. ಅದು ಮುಗಿದು ತೋಳಿನ ತಂತಿ ಶುರುವಾಗುವ ಕೂಡಿನಲ್ಲಿ ಎಲ್ಲ ಬಾಗೂ ಬಂದು ಬೀಳುತ್ತದೆ. ಎರಡು ಬೆರಳುಗಳ ತಂತಿಯನ್ನು ಮಾತ್ರ ಮಣಿಕಟ್ಟಿಗೆ ಮುಂದುವರಿಸಿ, ಉಳಿದವುಗಳ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಅಂಗೈಯ ಕಣಕದಲ್ಲಿಯೇ ಹುದುಗಿಸಿದರೆ ಸಾಕು. ಕೊಕ್ಕೆ ಅಗತ್ಯ, ನೇರ ತಂತಿಯಾದರೆ ಕಣಕದೊಳಗೆ ಗಿರ್ರನೆ ತಿರುಗುತ್ತದೆ. ವ್ಯಂಗ್ಯಚಿತ್ರದ ಪಾತ್ರಗಳಿಗೆ ನಾಲ್ಕೇ ಬೆರಳಿರುವುದನ್ನು ಓದುಗರು ಗಮನಿಸಿರಬಹುದು. ತಂತಿಯ ಕೈ ಮಾಡುವವರಿಗೆ ಆ ಸಂಪ್ರದಾಯ ಬಹಳ ಉಪಕಾರಿ.

ತಾಮ್ರ ಮತ್ತು ರಬ್ಬರಿನ ವೈರ

ಇನ್ನು ಚರ್ಮ ಕೆಟ್ಟ ಮೂರು ಕೈಗಳು. ನಮ್ಮ ಕಕ್ಷಿದಾರರು ಬಳಸುತ್ತಿದ್ದದ್ದು ತಾಮ್ರದ ತಂತಿ, ಅದೂ ಹಳೆಯ ಮೋಟಾರುಗಳಿಂದ ಬಿಚ್ಚಿದ್ದು. ಒಮ್ಮೆ ಸುತ್ತಿ ಬಿಚ್ಚಿದ ತಂತಿ ಗಡುಸಾಗಿರುವುದರಿಂದ ಅದನ್ನು ಬೆಂಕಿಯಲ್ಲಿ ಕಾಯಿಸಿ ಮೆದುವಾಗಿಸುತ್ತಿದ್ದರು. ತಾಮ್ರ ಮಂದ ಕೆಂಪಿಗೆ ಕಾದರೆ ಮೆದುವಾಗುವುದು ನಿಜ. ಆದರೆ ಹಾಗೆ ಕಾಯಿಸುವಾಗ ಮೇಲಿನ ಎನಾಮೆಲ್ ಲೇಪ ಸುಟ್ಟುಹೋಗಿ ಬರಿಯ ತಾಮ್ರ ಉಳಿಯುತ್ತದೆ. (ಆ ಹೊಗೆಯೂ ಆರೋಗ್ಯಕ್ಕೆ ಕೇಡು.) ನೈಸರ್ಗಿಕ ರಬ್ಬರಿಗೆ ತಾಮ್ರ ವಿಷವಿದ್ದಂತೆ, ತಾಮ್ರದ ಸೂಕ್ಷ್ಮ ಅಂಶ ರಬ್ಬರು ಗಾಳಿಯಲ್ಲಿ ಹಾಳಾಗುವ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಮೇಲಾಗಿ, ಮಾರುಕಟ್ಟೆಯ ದ್ರವ ಲ್ಯಾಟೆಕ್ಸ್ ಹೆಪ್ಪುಗಟ್ಟದಿರಲೆಂದು ಅದಕ್ಕೆ ಅಮೋನಿಯಾ ಸೇರಿಸಿರುತ್ತಾರೆ. ಅಮೋನಿಯಾ ತಾಮ್ರವನ್ನು ಕರಗಿಸಿ ರಬ್ಬರಿನೊಳಕ್ಕೆ ಒಯ್ಯುತ್ತದೆ. ತಿಂಗಳುಗಳ ನಂತರ ಚರ್ಮ ಜಿಗುಟಾಗುವುದು ಹೀಗೆ.

ಲ್ಯಾಟೆಕ್ಸ್ ಚರ್ಮವಿದ್ದರೆ ಅಲ್ಯೂಮಿನಿಯಂ ತಂತಿ ಬಳಸಬೇಕು. ತಾಮ್ರವೇ ಬೇಕೆಂದರೆ ಚರ್ಮ ಸಿಲಿಕೋನಿನದಾಗಬೇಕು. ಅದಕ್ಕೂ ಒಂದು ಎಚ್ಚರಿಕೆಯಿದೆ: ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನು ಗಂಧಕ ಅಥವಾ ಲ್ಯಾಟೆಕ್ಸಿನ ಸಂಪರ್ಕದಲ್ಲಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಆದ್ದರಿಂದ ಒಂದೇ ಮೇಜಿನ ಮೇಲೆ, ಒಂದೇ ಅಚ್ಚಿನಲ್ಲಿ ಎರಡನ್ನೂ ಬಳಸಬಾರದು. ಕಬ್ಬಿಣದ ಬೈಂಡಿಂಗ್ ವೈರ್ ಅಗ್ಗವೇನೋ ಹೌದು. ಆದರೆ ಬಗ್ಗಿಸಿ ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಚರ್ಮದೊಳಗೆ ತುಕ್ಕು ಹಿಡಿಯುತ್ತದೆ.

ಅಲ್ಯೂಮಿನಿಯಂ ಎಂದು ಕೇಳಿದರೆ ಅಂಗಡಿಯವರು ಎರಡು ಬಗೆಯದನ್ನು ಕೊಡಬಹುದು. ವಿದ್ಯುತ್ ಮಾರ್ಗಗಳಿಗೆ ಬಳಸುವ ತಂತಿ ಗಡುಸಾಗಿ ಎಳೆದದ್ದು, ನಾಲ್ಕಾರು ಬಾರಿ ಬಗ್ಗಿಸಿದರೆ ಮುರಿಯುತ್ತದೆ. ನಮಗೆ ಬೇಕಾದದ್ದು ಪೂರ್ತಿ ಮೆದುಗೊಳಿಸಿದ, ವ್ಯಾಪಾರದ ಭಾಷೆಯಲ್ಲಿ ‘ಓ ಟೆಂಪರ್’ ಎನ್ನುವ ತಂತಿ. ಖರೀದಿ ಆದೇಶದಲ್ಲಿ ಗೇಜಿನೊಂದಿಗೆ ಈ ಎರಡು ಅಕ್ಷರಗಳನ್ನೂ ಬರೆಯಬೇಕು. ಗಡುಸು ತಂತಿಯನ್ನು ಮನೆಯಲ್ಲಿಯೇ ಮೆದುಗೊಳಿಸಬಹುದಾದರೂ ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ. ಸುಮಾರು 350ರಿಂದ 400 ಡಿಗ್ರಿಗೆ ಮೆದುವಾಗಿ, 660 ಡಿಗ್ರಿಗೆ ಥಟ್ಟನೆ ಕರಗಿ ಬೀಳುತ್ತದೆ. ಹಳೆಯ ಕಮ್ಮಾರರ ಉಪಾಯವೆಂದರೆ ಮೇಲೆ ಸಾಬೂನು ಸವರಿ ಕಾಯಿಸುವುದು. ಸಾಬೂನು ಕಪ್ಪಾದೊಡನೆ ಜ್ವಾಲೆ ತೆಗೆಯಬೇಕು. ನುಣುಪಾದ ಅಲ್ಯೂಮಿನಿಯಂಗೆ ರಬ್ಬರು ಹಿಡಿಯದ ಕಾರಣ, ಅದ್ದುವ ಮೊದಲು ತಂತಿಗೆ ಹತ್ತಿಯ ದಾರ ಸುತ್ತುವುದು ಒಳ್ಳೆಯದು.

ಲೆಕ್ಕಿಗನಾಗಿ ನನಗೆ ಇಲ್ಲಿ ಇನ್ನೊಂದು ಮಾತಿದೆ. ಹಳೆಯ ಮೋಟಾರಿನ ತಾಮ್ರವನ್ನು ಅವರು ‘ಪುಕ್ಕಟೆ’ ಎಂದು ಭಾವಿಸಿ ಗೊಂಬೆಯ ವೆಚ್ಚದಲ್ಲಿ ಸೊನ್ನೆ ಬರೆಯುತ್ತಿದ್ದರು. ತಾಮ್ರದ ಗುಜರಿಗೆ ಯಾವ ಊರಿನಲ್ಲಿಯೂ ಬೆಲೆಯುಂಟು. ಮಾರಿದ್ದರೆ ಬರುತ್ತಿದ್ದ ಹಣವೇ ಅದರ ವೆಚ್ಚ. ಹಾಗೆ ಲೆಕ್ಕ ಹಾಕಿದಾಗ ಅಂಗಡಿಯಿಂದ ಕೊಂಡ ಹೊಸ ಅಲ್ಯೂಮಿನಿಯಂ ತಂತಿಯೇ ಅಗ್ಗವಾಯಿತು.

ದೊಡ್ಡವರು ಏನು ಮಾಡುತ್ತಾರೆ?

ಚೌಕಟ್ಟಿನ ನಂತರ ಚೌಕಟ್ಟಾಗಿ ಗೊಂಬೆಯನ್ನು ಸರಿಸಿ ಚಿತ್ರ ತೆಗೆಯುವ ಸ್ಟಾಪ್ ಮೋಷನ್ ಉದ್ಯಮದಲ್ಲಿ ಈ ಸಮಸ್ಯೆ ಹಳೆಯದು. 1933ರ ‘ಕಿಂಗ್ ಕಾಂಗ್’ ಚಿತ್ರಕ್ಕೆ ವಿಲ್ಲಿಸ್ ಒಬ್ರಯನ್ ಅವರೊಂದಿಗೆ ದುಡಿದ ಮಾರ್ಸೆಲ್ ಡೆಲ್ಗಾಡೊ, ಗೊಂಬೆಯೊಳಗೆ ಗುಂಡು ಮತ್ತು ಕುಳಿಯ ಲೋಹದ ಕೀಲುಗಳನ್ನು ಇಟ್ಟಿದ್ದರು. ಇಂತಹ ಕೀಲು ತಂತಿಯಂತೆ ಬಾಗಿ ದಣಿಯುವುದಿಲ್ಲ. ಆದರೆ ಬಲು ದುಬಾರಿ, ಮತ್ತು ಕಿರುಬೆರಳಿನ ಗಾತ್ರಕ್ಕೆ ಇಳಿಸುವುದು ಕಷ್ಟ. ಆದ್ದರಿಂದ ಮೈಕೈಗೆ ಉಕ್ಕಿನ ಕೀಲು, ಬೆರಳಿಗೆ ತಂತಿ ಎಂಬ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಸೆಕೆಂಡಿಗೆ 24 ಚೌಕಟ್ಟುಗಳಾದರೂ ಹಲವೆಡೆ ಒಂದು ಭಂಗಿಯನ್ನು ಎರಡು ಚೌಕಟ್ಟುಗಳಿಗೆ ಹಿಡಿಯುತ್ತಾರೆ. ಹಾಗೆ ಲೆಕ್ಕ ಹಾಕಿದರೂ ಒಂದು ನಿಮಿಷದ ಚಿತ್ರಕ್ಕೆ 720 ಭಂಗಿಗಳು. ಪ್ರತಿ ಸಲ ಬೆರಳು ಸ್ವಲ್ಪವೇ ಸರಿದರೂ ತಂತಿಗೆ ಅದು ಖರ್ಚೇ.

ಇಂಗ್ಲೆಂಡಿನ ಮ್ಯಾಕಿನನ್ ಅಂಡ್ ಸಾಂಡರ್ಸ್ ಸಂಸ್ಥೆ 2005ರ ‘ಕಾರ್ಪ್ಸ್ ಬ್ರೈಡ್’ ಮತ್ತು 2022ರ ಗಿಯೆರ್ಮೊ ಡೆಲ್ ಟೊರೊ ಅವರ ‘ಪಿನೋಕಿಯೊ’ ಚಿತ್ರಗಳಿಗೆ ಗೊಂಬೆಗಳನ್ನು ಮಾಡಿಕೊಟ್ಟಿದೆ. ಇಂತಹ ಮಟ್ಟದ ತಯಾರಕರೂ ತಂತಿಯ ಕೈ ಮುರಿಯುವುದಿಲ್ಲ ಎಂದು ನಂಬಿ ಕೂರುವುದಿಲ್ಲ. ಆ ವೃತ್ತಿಯಲ್ಲಿ ಕೈ ಎಂಬುದು ಟೈರಿನಂತೆ ಸವೆಯುವ ಬಿಡಿಭಾಗ. ಗೊಂಬೆಯೊಡನೆ ಬದಲಿ ಕೈಗಳನ್ನೂ ಮಾಡಿಟ್ಟುಕೊಳ್ಳುತ್ತಾರೆ. ತೋಳಿನ ತುದಿಯಲ್ಲಿ ಚೌಕಾಕಾರದ ಹಿತ್ತಾಳೆ ನಳಿಕೆ, ಕೈಯ ಬುಡದಲ್ಲಿ ಅದರೊಳಗೆ ಬಿಗಿಯಾಗಿ ಸೇರುವ ಇನ್ನೊಂದು ಸಣ್ಣ ನಳಿಕೆ. ದುಂಡಾದರೆ ತಿರುಗುತ್ತದೆ, ಚೌಕವಾದರೆ ತಿರುಗದು. ಅಮೆರಿಕದ ಕೆ ಅಂಡ್ ಎಸ್ ಕಂಪನಿಯ, ಒಂದರೊಳಗೊಂದು ಸೇರುವ ಇಂತಹ ನಳಿಕೆಗಳು ಹವ್ಯಾಸಿಗಳಲ್ಲಿ ಪ್ರಸಿದ್ಧ. ಮುರಿದ ಕೈಯನ್ನು ಎಳೆದು ತೆಗೆದು ಹೊಸದನ್ನು ಸಿಕ್ಕಿಸಲು ಒಂದು ನಿಮಿಷ ಸಾಕು. ಹೊಲಿಗೆ ಬಿಚ್ಚಬೇಕಾಗಿಲ್ಲ, ಕೊರಿಯರ್ ಬೇಕಾಗಿಲ್ಲ.

ನಮ್ಮ ಕಕ್ಷಿದಾರರ 520 ರೂಪಾಯಿಯ ಸಮಸ್ಯೆಗೆ ನಿಜವಾದ ಪರಿಹಾರ ಇದೇ ಆಗಿತ್ತು. ತಂತಿಯ ಆಯುಷ್ಯ ಹೆಚ್ಚಿಸುವುದರಿಂದ ಮುರಿಯುವ ಕೈಗಳ ಸಂಖ್ಯೆ ಇಳಿಯುತ್ತದೆ. ನಳಿಕೆಯಿಂದ ಪ್ರತಿ ಮುರಿತದ ವೆಚ್ಚವೇ ಕುಸಿಯುತ್ತದೆ.

ಕಚ್ಚಾ ವಸ್ತುವಿನ ವಿಚಾರದಲ್ಲಿ ಬ್ರಿಟನ್ನಿನ ಇನ್ನೊಂದು ಪ್ರಸಂಗವೂ ಉಂಟು. ‘ವ್ಯಾಲೆಸ್ ಅಂಡ್ ಗ್ರೋಮಿಟ್’ ಖ್ಯಾತಿಯ ಆರ್ಡ್‌ಮನ್ ಸಂಸ್ಥೆ ಬಳಸುತ್ತಿದ್ದ ಜೇಡಿಯನ್ನು ತಯಾರಿಸುತ್ತಿದ್ದ ಸಣ್ಣ ಕಾರ್ಖಾನೆ 2023ರಲ್ಲಿ ಮುಚ್ಚಿತು. ಉಳಿದ ದಾಸ್ತಾನನ್ನು ಸಂಸ್ಥೆ ಕೊಂಡಿಟ್ಟಿತು. ಮುಂದೇನು ಎಂಬ ಆತಂಕ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬದಲಿ ವ್ಯವಸ್ಥೆಯಾಗುತ್ತಿದೆಯೆಂದು ಸಂಸ್ಥೆ ಸ್ಪಷ್ಟೀಕರಣ ಕೊಡಬೇಕಾಯಿತು. ಒಬ್ಬನೇ ಸರಬರಾಜುದಾರನನ್ನು ನೆಚ್ಚಿದ ಯಾವ ಸದಸ್ಯರಿಗೂ ಈ ಕಥೆ ಅಪರಿಚಿತವೆನಿಸಲಾರದು.

ಪರೀಕ್ಷೆ, ಪ್ರಮಾಣ, ತೆರಿಗೆ

ಹೊಸ ಕೈ ಹಳೆಯದಕ್ಕಿಂತ ಉತ್ತಮವೆಂದು ಖರೀದಿದಾರರಿಗೆ ತೋರಿಸುವುದು ಹೇಗೆ? ಇದಕ್ಕೆ ಸಿದ್ಧ ಅಳತೆಗೋಲೊಂದಿದೆ. ಆಟಿಕೆಗಳ ಸುರಕ್ಷತೆಯ ಭಾರತೀಯ ಮಾನಕ ಐ.ಎಸ್. 9873ರ ಮೊದಲ ಭಾಗ ಅಂತರರಾಷ್ಟ್ರೀಯ ಐ.ಎಸ್.ಒ. 8124-1ನ್ನು ಅನುಸರಿಸುತ್ತದೆ. ಆಟಿಕೆಯೊಳಗಿನ ತಂತಿಯನ್ನು ಒಂದು ಕಡೆಗೆ 60 ಡಿಗ್ರಿ, ಅಲ್ಲಿಂದ ಇನ್ನೊಂದು ಕಡೆಗೆ 60 ಡಿಗ್ರಿ ಬಗ್ಗಿಸಿ ಹಿಂದಕ್ಕೆ ತಂದರೆ ಒಂದು ಸುತ್ತು. ಹೀಗೆ 30 ಸುತ್ತುಗಳು, ಪ್ರತಿ 10 ಸುತ್ತಿಗೆ ಒಂದು ನಿಮಿಷದ ಬಿಡುವು. ತಂತಿ ಮುರಿದು ಅಪಾಯಕಾರಿ ಮೊನೆ ಹೊರಬರಬಾರದು. ಅಂಗಡಿಯ ಬೆಂಚ್ ವೈಸಿಗೆ ಅಂಗೈಯನ್ನು ಸಿಕ್ಕಿಸಿ ಇದನ್ನೇ ಮಾಡಿ ನೋಡಿದೆವು. 18 ಗೇಜಿನ ಹಳೆಯ ತಾಮ್ರದ ಬೆರಳು 9ನೆಯ ಸುತ್ತಿನಲ್ಲಿ ತುಂಡಾಯಿತು. 22 ಗೇಜಿನ ಜೋಡಿ ಎಳೆಯ, ಸ್ಲೀವ್ ತೊಡಿಸಿದ ಅಲ್ಯೂಮಿನಿಯಂ ಬೆರಳಿನ ಮೊದಲ ಎಳೆ ಹೋದದ್ದು 41ರಲ್ಲಿ. ಇದು ಅಧಿಕೃತ ಪ್ರಯೋಗಾಲಯದ ಪರೀಕ್ಷೆಯಲ್ಲ. ಆದರೂ ದಿನಾಂಕ ಹಾಕಿ ನೋಟುಪುಸ್ತಕದಲ್ಲಿ ಬರೆದಿಟ್ಟ ಆ ಎರಡು ಅಂಕಿಗಳು ಖರೀದಿದಾರರೊಂದಿಗಿನ ಮಾತುಕತೆಯಲ್ಲಿ ನನ್ನ ಪತ್ರಕ್ಕಿಂತ ಹೆಚ್ಚು ಕೆಲಸ ಮಾಡಿದವು.

14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾರುವ ಗೊಂಬೆಯಾದರೆ ಇದು ಐಚ್ಛಿಕವಲ್ಲ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 2020, 2021ರ ಜನವರಿ 1ರಿಂದ ಜಾರಿಯಲ್ಲಿದ್ದು ಐ.ಎಸ್.ಐ. ಮುದ್ರೆಯನ್ನು ಕಡ್ಡಾಯಗೊಳಿಸಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳು ಸ್ವತಃ ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ವಿನಾಯಿತಿ ಇದೆ. ಚಿತ್ರೀಕರಣಕ್ಕೆ ಮಾಡಿದ ಗೊಂಬೆ ಆಟಿಕೆಯಲ್ಲ ಎನ್ನುವುದಾದರೆ ಬಿಲ್ಲು, ಪೆಟ್ಟಿಗೆ, ಪ್ರಚಾರಪತ್ರ ಮೂರರಲ್ಲಿಯೂ ಅದೇ ಮಾತಿರಬೇಕು. ಒಂದರಲ್ಲಿ ‘ಸ್ಟುಡಿಯೋ ಬಳಕೆಗೆ’, ಇನ್ನೊಂದರಲ್ಲಿ ‘ಮಕ್ಕಳಿಗೆ ಅಚ್ಚುಮೆಚ್ಚು’ ಎಂದು ಬರೆದವರನ್ನು ನಾನು ಕಂಡಿದ್ದೇನೆ.

ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಸಂತೋಷದ ವಿಷಯವೇ. ಆದರೆ ತಂತಿ, ಹಿತ್ತಾಳೆ ನಳಿಕೆ, ಸಿಲಿಕೋನು, ಎಪಾಕ್ಸಿ ಕಣಕಗಳ ಮೇಲೆ ಶೇ. 18 ತೆರಿಗೆ ತೆತ್ತು ಕೊಳ್ಳುವವರ ಖಾತೆಯಲ್ಲಿ ಹೂಡುವಳಿ ತೆರಿಗೆ ಜಮೆ ಬಳಕೆಯಾಗದೆ ಬೆಳೆಯುತ್ತ ಹೋಗಬಹುದು. ಸರಕುಗಳ ಮೇಲಿನ ಇಂತಹ ಜಮೆಯ ಮರುಪಾವತಿ ಕೇಳಲು ಕಾಯ್ದೆಯ 54(3)ನೆಯ ಸೆಕ್ಷನ್ ಅಡಿಯಲ್ಲಿ ಅವಕಾಶವಿದೆ. ಎರಡು ವರ್ಷಗಳ ಕಾಲಮಿತಿಯನ್ನು ಮರೆಯಬಾರದು.

ಮಾರಿದ ಮಾಲಿಗೆ ಬದಲಿ ಕೊಡುವ ಭರವಸೆ ನೀಡಿರುವವರು ವರ್ಷಾಂತ್ಯದಲ್ಲಿ ಅದಕ್ಕಾಗಿ ಹಣ ಕಾದಿರಿಸಬಹುದೇ? 2009ರ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಆದಾಯ ತೆರಿಗೆಯಲ್ಲಿ ಒಪ್ಪಬಹುದಾದ ವೆಚ್ಚವೆಂದು ಹೇಳಿದೆ. ಷರತ್ತೆಂದರೆ, ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹ ಅಂದಾಜು ಇರಬೇಕು. ಎಷ್ಟು ಕೈ ಮಾರಿದೆ, ಎಷ್ಟು ಮರಳಿತು, ಎಲ್ಲಿ ಮುರಿದಿತ್ತು ಎಂಬ ಒಂದು ಪುಸ್ತಕವಿಲ್ಲದೆ ಆ ಅಂದಾಜು ಬರುವುದಿಲ್ಲ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ಕಡಿತದ ಪ್ರಶ್ನೆಯೇ ಏಳದು. ಆದರೂ ಪುಸ್ತಕವನ್ನು ಇಡಲೇಬೇಕೆಂದು ನಾನು ಹಟ ಹಿಡಿದೆ.

ಡೆಬಿಟ್ ನೋಟನ್ನು ನಮ್ಮ ಕಕ್ಷಿದಾರರು ಒಪ್ಪಿಕೊಂಡರು, ಕ್ರೆಡಿಟ್ ನೋಟ್ ಕೊಟ್ಟರು. ಮರುವರ್ಷದ ಬೇಡಿಕೆ ಬಂತು: 60 ಗೊಂಬೆಗಳು, ಪ್ರತಿಯೊಂದಕ್ಕೂ ಒಂದು ಜೊತೆ ಬದಲಿ ಕೈಗಳು, ಬದಲಿ ಕೈಗಳಿಗೆ ಪ್ರತ್ಯೇಕ ದರ. ಲೆಕ್ಕಪುಸ್ತಕದಲ್ಲಿ ‘ಕೈಗಳ ದುರಸ್ತಿ’ ಎಂಬ ಹೊಸ ಖಾತೆಯೂ, ‘ಬಿಡಿ ಕೈಗಳ ಮಾರಾಟ’ ಎಂಬ ಇನ್ನೊಂದು ಖಾತೆಯೂ ತೆರೆದಿವೆ. ಮನೆಯಾಕೆಯ ಅರ್ಧ ದಿನಕ್ಕೆ ಈಗ ಕೂಲಿ ಬರೆಯುತ್ತಾರೆ.

ಈ ಸಲದ ಮಾರ್ಚ್ ಚೀಲದಲ್ಲಿ ನಾಲ್ಕು ಕೈಗಳಿದ್ದವು. ನಾಲ್ಕರಲ್ಲಿಯೂ ಮುರಿದಿರುವುದು ಹೆಬ್ಬೆರಳು. ಅದು ಎಲ್ಲಕ್ಕಿಂತ ಗಿಡ್ಡ, ಎಲ್ಲಕ್ಕಿಂತ ಹೆಚ್ಚು ಬಗ್ಗುವುದೂ ಅದೇ. ಸ್ಲೀವ್ ಹರಡಲು ಅಲ್ಲಿ ಜಾಗವಿಲ್ಲ. ಹೆಬ್ಬೆರಳಿನ ತಂತಿಯನ್ನು ಅಂಗೈಯ ಕಣಕದಲ್ಲಿ ಹುದುಗಿಸದೆ, ಮೆದು ಪದರದ ಮೂಲಕ ಮಣಿಕಟ್ಟಿನವರೆಗೆ ಸಡಿಲವಾಗಿ ಒಯ್ದು ನೋಡುತ್ತೇವೆಂದು ಹೇಳಿ ಹೋಗಿದ್ದಾರೆ.